ಎರಡು ಬೆರಳಿನ ಸಡಿಲು

ಮೊಣಕಾಲಿಗೆ ಕಟ್ಟುವ ಬ್ರೇಸಿನ ಅಳತೆಯ ಹಾಳೆಯಲ್ಲಿ ಏಳು ಸೂಚನೆಗಳಿದ್ದವು. ಆರನ್ನು ಪ್ರಭುಲಿಂಗ ಒಬ್ಬನೇ ನಿಭಾಯಿಸಬಲ್ಲವನಾಗಿದ್ದ. ನೆಟ್ಟಗೆ ನಿಲ್ಲುವುದು, ಮೊಣಕಾಲು ತುಸುವೇ ಬಗ್ಗಿಸುವುದು, ಚಿಪ್ಪಿನ ನಡುವಿನಿಂದ ಆರು ಇಂಚು ಮೇಲೆ ತೊಡೆಗೊಂದು, ಆರು ಇಂಚು ಕೆಳಗೆ ಮೀನಖಂಡಕ್ಕೊಂದು ಗುರುತು ಹಾಕುವುದು. ಜಮಖಂಡಿಯ ತಾಲೂಕು ಕಚೇರಿಯಲ್ಲಿ ಹದಿನಾರು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಇವೇನೂ ಕಷ್ಟದವಲ್ಲ. ತೊಡಕಿದ್ದದ್ದು ಏಳನೆಯದರಲ್ಲಿ. ‘ಅಳತೆಯನ್ನು ನೀವೇ ತೆಗೆದುಕೊಳ್ಳಬೇಡಿ. ಬಗ್ಗಿ ನೋಡಿದರೆ ತೊಡೆಯ ಆಕಾರ ಬದಲಾಗುತ್ತದೆ. ಮನೆಯವರ ನೆರವು ಪಡೆಯಿರಿ.’

ಮನೆಯವರು ಎಂಬ ಪದವನ್ನು ಕಂಪನಿಗಳು ಬಹಳ ಸಲೀಸಾಗಿ ಬಳಸುತ್ತವೆ.

ಪ್ರಭುಲಿಂಗನಿಗೆ ನಲವತ್ತೊಂದು. ಬನಹಟ್ಟಿಯಲ್ಲಿ ಒಂದು ಮಾಳಿಗೆ ಕೋಣೆ, ಒಂದು ಸ್ಟವ್ವು, ಒಂದು ಡರ್ಟ್ ಬೈಕು. ಕೋಣೆಯಲ್ಲಿ ಒಬ್ಬನೇ ಇದ್ದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಆ ಬೈಕಿನ ಮೇಲೆ ಒಬ್ಬನೇ ಇದ್ದರೆ ಯಾರೂ ಏನೂ ಅನ್ನುವುದಿಲ್ಲ, ಏಕೆಂದರೆ ಅದಕ್ಕೆ ಹಿಂದಿನ ಸೀಟೇ ಇಲ್ಲ. ಪ್ರತಿ ಐತವಾರ ಅವನು ಬೀಳಗಿಯ ಆಚೆ, ಹಿನ್ನೀರು ಸರಿದು ಬಿರುಕು ಬಿಟ್ಟ ನೆಲದ ಮೇಲೆ, ಕೆಂಪು ಕಲ್ಲಿನ ದಿನ್ನೆಗಳನ್ನು ಹತ್ತಿಳಿಯುತ್ತಿದ್ದ. ಹೋದ ಬೇಸಿಗೆಯಲ್ಲಿ ಅಂಥದೊಂದು ದಿನ್ನೆ ಅವನನ್ನು ಇಳಿಸಿತು, ಗಾಡಿಯನ್ನು ಬೇರೆ ಕಡೆಗೆ ಇಳಿಸಿತು, ಬಲ ಮೊಣಕಾಲನ್ನು ಮೂರನೆಯ ದಿಕ್ಕಿಗೆ ತಿರುಗಿಸಿತು. ಆಪರೇಷನ್ ಮಾಡಿದ ಡಾಕ್ಟರು ಕೊನೆಗೆ ಹೇಳಿದ್ದು ಒಂದೇ ಮಾತು: ಎರಡೂ ಕಾಲಿಗೆ ಸರಿಯಾದ ಬ್ರೇಸ್ ಹಾಕಿದರೆ ಗಾಡಿ ಹತ್ತಿ, ಇಲ್ಲದಿದ್ದರೆ ಮಾರಿ.

ಬ್ರೇಸ್ ಆರಿಸಲು ಅವನಿಗೆ ಒಂದು ತಿಂಗಳು ಹಿಡಿಯಿತು. ಔಷಧಿ ಅಂಗಡಿಯ ರಬ್ಬರಿನ ಚೀಲ ಕಾಲನ್ನು ಬೆಚ್ಚಗಿಡುತ್ತದೆ, ಅಷ್ಟೆ. ಪ್ಲಾಸ್ಟಿಕ್ಕಿನ ಚಿಪ್ಪು ಕಲ್ಲಿನ ಏಟು ತಾಳುತ್ತದೆ, ಆದರೆ ಕಾಲು ತಿರುಚಿದರೆ ತಾನೂ ಜೊತೆಗೆ ತಿರುಚುತ್ತದೆ. ಬೇಕಾದದ್ದು ಎರಡೂ ಬದಿಗೆ ಕೀಲಿರುವ ಗಟ್ಟಿ ಚೌಕಟ್ಟಿನದು. ಅದು ಅಳತೆಗೆ ತಕ್ಕಂತೆ ಪುಣೆಯಿಂದ ಬರಬೇಕು. ಅಳತೆಗೆ ಮನೆಯವರು ಬೇಕು.

ಕಚೇರಿಯಲ್ಲಿ ಪಕ್ಕದ ಮೇಜಿನ ಅಮೋಲನ ಕಿವಿಗೆ ವಿಷಯ ಹಾಕಿದ. ಅಮೋಲ ಇಡೀ ವಿಭಾಗಕ್ಕೆ ಕೇಳುವಂತೆ ನಕ್ಕ.

“ಲೇ ಪ್ರಭ್ಯಾ, ತೊಡಿ ಅಳಸಾಕ ಒಂದ ಲಗ್ನಾ ಮಾಡ್ಕೊಂಡಿದ್ರ ಮುಗೀತಿತ್ತಲ್ಲೋ!”

“ಲಗ್ನದಾಗ ಬ್ರೇಸಿನಂಗ ಹತ್ತ ದಿನದಾಗ ವಾಪಸ್ ಕೊಡೂ ಸೌಲತ್ತಿಲ್ಲೋ.”

“ಖರೆ ಬಿಡು. ಹತ್ತ ದಿನದಾಗ ತಿಳಿಯೂದೂ ಇಲ್ಲ.”

ಟೇಲರ್ ಮುತ್ತಣ್ಣನ ಹತ್ತಿರ ಹೋದರೆ, ಅವನು ಟೇಪನ್ನು ಕೊರಳಿಂದ ತೆಗೆಯಲೇ ಇಲ್ಲ. “ಪ್ಯಾಂಟಿನ ಮ್ಯಾಲಿಂದಾದ್ರ ತಗೀತೇನ್ರಿ. ಪ್ಯಾಂಟ್ ಬಿಚ್ಚಿಸಿ ಅಳಿಯೂ ಧಂದೆ ನಮ್ಮಪ್ಪನೂ ಮಾಡಿಲ್ಲ.”

ಕೊನೆಗೆ ಉಳಿದವನು ಮನೆಯ ಮಾಲೀಕ ಶಂಕರೆಪ್ಪ. ಐವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದು, ಈಗ ಪಡಸಾಲೆಯಲ್ಲಿ ಕೂತು, ಹಿತ್ತಲ ಮನೆಯ ನಾಲ್ಕು ಪಾವರ್‌ಲೂಮಿನಲ್ಲಿ ಮಗ ನೇಯುವುದನ್ನು ಕಿವಿಯಿಂದಲೇ ತಪಾಸಣೆ ಮಾಡುವ ಮುದುಕ. ಆ ಮಗ್ಗಗಳ ಖಟಖಟದಲ್ಲಿ ಯಾರೂ ಯಾರಿಗೂ ಹೆಚ್ಚು ಹೇಳುವಂತಿಲ್ಲ. ಪ್ರಭುಲಿಂಗ ಚಡ್ಡಿ ಹಾಕಿಕೊಂಡು ನಿಂತು, ಗುರುತುಗಳನ್ನು ತೋರಿಸಿದ. ಟೇಪು ಕೊಡಲು ಹೋದರೆ ಮುದುಕ ಕೈಯಾಡಿಸಿ ಬೇಡವೆಂದ. ನೂಲಿನ ಎಳೆ ತಂದು ತೊಡೆಗೆ, ಚಿಪ್ಪಿಗೆ, ಮೀನಖಂಡಕ್ಕೆ ಸುತ್ತಿ ಗಂಟು ಹಾಕಿಕೊಟ್ಟ. ಎರಡು ಕಾಲಿಗೆ ಆರು ಎಳೆ. ಪ್ರಭುಲಿಂಗ ಅವನ್ನು ಟೇಪಿನ ಮೇಲೆ ಹಾಸಿ, ಅಂಕಿ ಬರೆದು ಕಳಿಸಿದ. ಇಡೀ ವ್ಯವಹಾರದಲ್ಲಿ ಇಬ್ಬರೂ ಆಡಿದ್ದು ಆರು ಮಾತು.

ಹದಿನೆಂಟನೆಯ ದಿನ ಬ್ರೇಸ್ ಬಂತು. ಹಾಕುವ ಕ್ರಮವನ್ನು ಅವನು ಬಾಯಿಪಾಠ ಮಾಡಿದ್ದ. ಕೀಲು ಚಿಪ್ಪಿನ ನಡುವಿಗೆ ಸರಿಯಾಗಿ ಕೂರಬೇಕು. ಮೊದಲು ಬಿಗಿಯುವುದು ಮೀನಖಂಡದ ಮೇಲ್ಭಾಗದ ಪಟ್ಟಿ. ಬ್ರೇಸ್ ಕೆಳಗೆ ಜಾರದಂತೆ ಹಿಡಿಯುವುದು ಅದೇ. ಆಮೇಲೆ ತೊಡೆಯವು. ಎಲ್ಲ ಹಾಗೇ ಮಾಡಿ ಮೆಟ್ಟಿಲಿಳಿದ. ಐದನೆಯ ಮೆಟ್ಟಿಲಿಗೆ ಕೀಲುಗಳು ಚಿಪ್ಪು ಬಿಟ್ಟವು. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಎರಡೂ ಬ್ರೇಸುಗಳು ಪಾದದ ಮೇಲೆ ವಿಶ್ರಾಂತಿ ಪಡೆಯುತ್ತಿದ್ದವು.

ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದ ಶಂಕರೆಪ್ಪನ ಸೊಸೆ ಶೇವಂತಿ ತಲೆಯೆತ್ತಿದಳು. “ಸಾಹೇಬ್ರು ಕಾಲಿಗಿ ಕಡಗ ಹಾಕ್ಕೊಂಡಾರ! ಗೆಜ್ಜಿ ಯಾವಾಗ ಬರ್ತಾವ್ರಿ?”

ಒಳಬದಿಯ ಮೆತ್ತೆ ತೆಗೆದು ದಪ್ಪದ್ದು ಹಾಕಿದ. ಪಟ್ಟಿಗಳನ್ನು ಕಾಲು ಜೋಮು ಹಿಡಿಯುವಂತೆ ಎಳೆದ. ಒಂದು ವಾರ ಅದೇ ಮೆಟ್ಟಿಲು, ಅದೇ ಜಾರು. ಕಂಪನಿಗೆ ಫೋನ್ ಮಾಡಿದರೆ, ಒಂದೇ ಸಲ ಬದಲಿ ಕೊಡುತ್ತೇವೆ, ಹತ್ತು ದಿನದೊಳಗೆ ಹೊಸ ಅಳತೆ ಬರಬೇಕು ಅಂದರು. ಬ್ರೇಸ್ ಬಂದು ಅದು ಒಂಬತ್ತನೆಯ ದಿನ. ತಾನೇ ಬಗ್ಗಿ ಅಳೆದು ನೋಡಿದ. ಅಂಕಿ ನಂಬುವಂಥದಲ್ಲ, ಆದರೂ ಎಲ್ಲ ಕಡೆಯೂ ಕಡಿಮೆಯೇ ಬಂತು. ಕೆಳಗಿಳಿದು ಪಡಸಾಲೆಗೆ ಹೋದ.

“ಕಾಕಾ, ಅವತ್ತ ಅಳತಿ ತಗದ್ರಲ್ಲ, ದಾರ ಕಾಲಿಗಿ ಹತ್ತಿ ಇತ್ತೋ, ಸಡ್ಲ ಇತ್ತೋ?” ಮಗ್ಗದ ಸದ್ದಿಗೆ ಕೂಗಿಯೇ ಕೇಳಬೇಕಾಯಿತು.

“ಎರಡ ಬೆರಳ ಬಿಟ್ಟೇನಿ!” ಶಂಕರೆಪ್ಪನೂ ಕೂಗಿದ, ಬಹಳ ಹೆಮ್ಮೆಯಿಂದ.

“ಯಾಕ್ರಿ?”

“ಯಾಕಂತ ಕೇಳ್ತೀರಲ್ಲ! ಮಗ್ಗದ ಮ್ಯಾಗ ಬಿಗದಿದ್ದ ಅರಿವಿ ಕೆಳಗ ಇಳಿಸಿದ್ರ ಕುಗ್ಗತೈತಿ. ಎರಡ ಬೆರಳ ಬಿಡಲಿಲ್ಲಂದ್ರ ಗಿರಾಕಿ ತಂದು ಮಾರಿಗಿ ಒಗೀತಾನ.”

“ಇದು ಅರಿವಿ ಅಲ್ರಿ, ಕಾಲು!”

“ಕಾಲೂ ಕುಗ್ಗತೈತಿ. ನನ್ನ ಕಾಲ ನೋಡ್ರಿ ಇಲ್ಲೆ.” ಮುದುಕ ಧೋತರ ಸರಿಸಿ ಸಾಕ್ಷ್ಯ ಹಾಜರುಪಡಿಸಿದ. ವಾದಕ್ಕೆ ಜಾಗವಿರಲಿಲ್ಲ.

“ಹಂಗಾರ ಎರಡೆರಡ ಬೆರಳ ಕಳದ ಬರಕೋತೇನಿ.”

“ಎಲ್ಲಾ ಕಡೆ ಎರಡ ಅಲ್ಲ. ತೊಡಿಗಿ ಮೂರ ಬಿಟ್ಟಿದ್ದೆ. ಒಂದಕ್ಕ ನಾಕೂ ಇರಬೇಕ. ಯಾವದಕ್ಕ ಅಂತ ಈಗ ಹೆಂಗ ಹೇಳ್ಲಿ?”

“ಮತ್ತೊಮ್ಮಿ ಅಳೀರಿ ಕಾಕಾ. ಈ ಸಲ ಬರೋಬ್ಬರಿ.”

ಶಂಕರೆಪ್ಪ ಪಕ್ಕದ ನೂಲಿನ ಉಂಡೆಯನ್ನು ದೂರ ಸರಿಸಿದ. ಆಮೇಲೆ ಮೆಲ್ಲಗೆ ಏನೋ ಹೇಳಿದ, ಕೇಳಿಸಲಿಲ್ಲ. ಎರಡನೆಯ ಸಲ ಕೂಗಿ ಹೇಳಬೇಕಾಗಿ ಬಂದದ್ದು ಅವನಿಗೇ ಇರಿಸುಮುರಿಸಾದಂತಿತ್ತು. “ಬರೋಬ್ಬರಿ ಅಳಿಯೂದು ಹೆಣದ ಕುಣಿಗಿ! ಬದುಕಿದ್ದಾವನ ಮೈಗೆ ಬರೋಬ್ಬರಿ ದಾರ ಸುತ್ತಬ್ಯಾಡ ಅಂತ ನಮ್ಮಪ್ಪ ಹೇಳಿದ್ದ.”

“ನಾಳಿಗೆ ಅಳತಿ ಹೋಗಲಿಲ್ಲಂದ್ರ ಇವು ಹಿಂಗ ಉಳಿತಾವ್ರಿ. ಗಾಡಿ ಮಾರಬೇಕಾಗ್ತೈತಿ.”

“ಮಾರ್ರಿ. ಏನಾತು?”

“ಐತವಾರ ಏನ ಮಾಡ್ಲಿ ಕಾಕಾ?”

ಇದಕ್ಕೆ ಶಂಕರೆಪ್ಪನ ಅಪ್ಪ ಏನೂ ಹೇಳಿ ಹೋಗಿರಲಿಲ್ಲ. ಮುದುಕ ಸೊಸೆಯ ಕಡೆ ನೋಡಿದ. ಶೇವಂತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

“ಅಳಿಸ್ಕೊಳ್ಳಾವ್ರು ಮಾತಾಡ್ಕೋಂತ ನಿಂತ್ರ ದೋಷಿಲ್ಲಂತ ಅತ್ತಿಯವರು ಅಂತಿದ್ರಲ್ರಿ ಮಾವಾರ. ಸತ್ತವರೇನ ಮಾತಾಡ್ತಾರ?”

“ಖರೆ. ಆದ್ರ ನಡುವ ಮಾತು ನಿಲ್ಲಸಬಾರದು,” ಅಂದ ಶಂಕರೆಪ್ಪ, ಪ್ರಭುಲಿಂಗನ ಕಡೆ ತಿರುಗಿ. “ನಿಲ್ಲಿಸಿದ್ರಂದ್ರ ನಾ ದಾರ ಬಿಟ್ಟಬಿಡ್ತೇನಿ.”

ಪ್ರಭುಲಿಂಗ ಚಡ್ಡಿ ಹಾಕಿಕೊಂಡು ಬಂದು ನಿಂತ. ಸೂಚನೆಯಂತೆ ಮೊಣಕಾಲು ತುಸು ಬಗ್ಗಿಸಿ, ಕೆಳಗೆ ನೋಡದೆ, ಎದುರಿನ ಗೋಡೆಯ ಕ್ಯಾಲೆಂಡರಿನ ಮೇಲೆ ಕಣ್ಣು ನೆಟ್ಟ. ಮುದುಕ ನೂಲು ಹಿಡಿದು ಕುಕ್ಕರುಗಾಲಲ್ಲಿ ಕೂತ. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ನಾಲ್ಕೂ ಮಗ್ಗಗಳು ಒಮ್ಮೆಲೇ ನಿಂತವು. ಬನಹಟ್ಟಿಯವರಿಗೆ ನಿಶ್ಶಬ್ದವೆಂದರೆ ಹೊರಗಿನಿಂದ ಬಂದು ಮನೆಯಲ್ಲಿ ನಿಂತ ಅಪರಿಚಿತನಂತೆ.

“ಹೂಂ, ಮಾತಾಡ್ರಿ,” ಅಂದ ಶಂಕರೆಪ್ಪ.

ಪ್ರಭುಲಿಂಗ ತನ್ನ ಕಚೇರಿಯ ಮೇಜನ್ನು ನೆನೆಸಿಕೊಂಡ. ದಿನಕ್ಕೆ ನೂರು ಜನರೊಡನೆ ಮಾತಾಡುತ್ತಿದ್ದ; ಆದರೆ ಅವೆಲ್ಲ ಅವರ ಮಾತುಗಳು. ಕೊನೆಗೆ ಕೈಗೆ ಸಿಕ್ಕಿದ್ದನ್ನೇ ಹಿಡಿದ. “ಜಾತಿ ಆದಾಯ ಪ್ರಮಾಣ ಪತ್ರಕ್ಕ ರೇಷನ್ ಕಾರ್ಡ್ ಬೇಕು, ಆಧಾರ್ ಬೇಕು, ಸಾಲಿ ದಾಖಲೆ ಬೇಕು…” ಎಡಗಾಲು ವಾರಸಾ ಪ್ರಮಾಣ ಪತ್ರದವರೆಗೆ ಸಲೀಸಾಗಿ ಸಾಗಿತು. ಬಲಗಾಲಿಗೆ ನೂಲು ಬಂದಾಗ ಕಾಗದಪತ್ರಗಳು ಖರ್ಚಾಗಿದ್ದವು.

“ನಿಲ್ಲಿಸಬ್ಯಾಡ್ರಿ.”

“ಇದ ಕಾಲರಿ ಕಾಕಾ,” ಅಂದ. “ಇದ ಮುರದದ್ದು.”

“ಹೂಂ.”

“ನಾಕ ತಾಸ ಬಿದ್ದಿದ್ದೆ ಅಲ್ಲೆ. ಫೋನಿತ್ರಿ. ರೇಂಜೂ ಇತ್ತು. ಅದರಾಗ ಮುನ್ನೂರ ನಂಬರ ಅದಾವ. ಯಾರಿಗೆ ಹಚ್ಚಲಿ ಅಂತ ನೋಡ್ಕೋಂತ ಹ್ವಾದೆ. ಎಲ್ಲಾರೂ ನನ್ನ ಅರ್ಜಿ ಏನಾತ್ರಿ ಅಂತ ಕೇಳವರ. ಕಡೀಕ ಸಿಮ್ ಕಂಪನಿಗೆ ಹಚ್ಚಿದೆ. ಕನ್ನಡಕ್ಕಾಗಿ ಒಂದನ್ನು ಒತ್ತಿರಿ ಅಂದ್ಲು, ಒತ್ತಿದೆ. ಭಾಳ ಛಲೋ ಮಾತಾಡ್ತಿದ್ಲ್ರಿ. ನಿಮ್ಮ ಕರೆ ನಮಗೆ ಮುಖ್ಯ ಅಂದ್ಲು. ಮೂರ ಸಲ ಹಚ್ಚಿದೆ.”

ಶೇವಂತಿ ಬಾಗಿಲಲ್ಲೇ ನಿಂತಿದ್ದಳು. ನಗುವ ಮಾತು ಬಂದಿತ್ತು, ನಗಲಿಲ್ಲ.

“ಆಮ್ಯಾಲ?” ಅಂದ ಶಂಕರೆಪ್ಪ.

“ಆಮ್ಯಾಲ ಹುನ್ನೂರಾಂವ ಒಬ್ಬ ಕುರಿ ಹೊಡಕೊಂಡ ಬಂದ. ಹುಲೆಪ್ಪ ಅಂತ. ನನ್ನ ಗುರುತ ಹಿಡದ. ಸಾಹೇಬ್ರ, ನನ್ನ ಅರ್ಜಿ ಏನಾತ್ರಿ ಅಂದ.”

“ಆಗಿತ್ತೇನು?”

“ಇಲ್ರಿ. ದವಾಖಾನಿಂದ ಬಂದ ಮ್ಯಾಲ ಮಾಡಿದೆ.”

ಅವನು ಕ್ಯಾಲೆಂಡರನ್ನೇ ನೋಡುತ್ತ ಮಾತಾಡುತ್ತ ಹೋದ. ತಾಯಿ ತೀರಿಕೊಂಡ ವರ್ಷ, ನೋಡಲು ಹೋಗಿ ಬಿಟ್ಟ ಎರಡು ಹೆಣ್ಣು, ಮುಧೋಳದಿಂದ ತಂದು ಸಾಕಲಾಗದೆ ತಿರುಗಿ ಕೊಟ್ಟ ನಾಯಿಮರಿ. ಎಷ್ಟೋ ಹೊತ್ತಿನ ಮೇಲೆ ಕಾಲಿಗೆ ಏನೂ ತಾಗುತ್ತಿಲ್ಲವೆಂಬುದು ಅರಿವಿಗೆ ಬಂತು. ಸೂಚನೆ ಮೀರಿ ಕೆಳಗೆ ನೋಡಿದ. ಆರೂ ಎಳೆಗಳು ಗಂಟು ಹಾಕಿ, ಚಾಪೆಯ ಮೇಲೆ ಸಾಲಾಗಿ ಬಿದ್ದಿದ್ದವು. ಶಂಕರೆಪ್ಪ ಗೋಡೆಗೆ ಒರಗಿ, ಖಾಲಿ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ.

“ಆತೇನ್ರಿ ಕಾಕಾ?”

“ಇನ್ನೂ ಇಲ್ಲ,” ಅಂದ ಮುದುಕ. “ನಾಯಿ ಹೆಸರೇನಿಟ್ಟಿದ್ರಿ?”

ಹೇಳುವಷ್ಟರಲ್ಲಿ ಕರೆಂಟು ಬಂತು. ಮಗ್ಗಗಳು ಎದ್ದು ನಾಯಿಯ ಹೆಸರನ್ನು ನುಂಗಿದವು.

ಬದಲಿ ಬ್ರೇಸ್ ಮೂರು ವಾರಕ್ಕೆ ಬಂತು. ಐತವಾರ ಬೆಳಿಗ್ಗೆ ಪ್ರಭುಲಿಂಗ ಕ್ರಮದಂತೆ ಪಟ್ಟಿ ಬಿಗಿದು, ಬೂಟು ಹಾಕಿ ಮೆಟ್ಟಿಲಿಳಿದ. ಐದನೆಯ ಮೆಟ್ಟಿಲು ಬಂತು, ಹೋಯಿತು. ಕೀಲು ಚಿಪ್ಪಿನ ನಡುವಿನಿಂದ ಕೂದಲೆಳೆಯಷ್ಟೂ ಕದಲಲಿಲ್ಲ. ಅಳತೆ ಸರಿಯಾದ ಬ್ರೇಸಿನದೊಂದು ಗುಣ: ಅದನ್ನು ಹಾಕಿಕೊಳ್ಳಲು ಮತ್ತೆ ಯಾರೂ ಬೇಕಾಗುವುದಿಲ್ಲ.

ಪಡಸಾಲೆಯಲ್ಲಿ ಶಂಕರೆಪ್ಪ ತಲೆಯೆತ್ತಿದ. ಹಿತ್ತಲಲ್ಲಿ ಮಗ್ಗಗಳು ಭರದಿಂದ ಓಡುತ್ತಿದ್ದವು; ಕೂಗಿ ಪ್ರಯೋಜನವಿರಲಿಲ್ಲ. ಮುದುಕ ಬ್ರೇಸಿನ ಕಡೆ ಗದ್ದವೆತ್ತಿ, ಎರಡು ಬೆರಳು ಜೋಡಿಸಿ ತೋರಿಸಿದ. ಸಡಿಲು ಐತೇನು? ಇನ್ನೊಂದು ಕೈ ಆಗಲೇ ಪಕ್ಕದ ನೂಲಿನ ಉಂಡೆಯ ಮೇಲಿತ್ತು.

ಸುಳ್ಳು ದಾಖಲೆ ಕೊಟ್ಟು ರೂಢಿಯಿಲ್ಲದ ಗುಮಾಸ್ತ, ಸಡಿಲಿಲ್ಲವೆಂದು ತಲೆಯಾಡಿಸಿದ. ಮುದುಕ, ಛಲೋ ಆತು ಎನ್ನುವಂತೆ ಕೈ ಬೀಸಿ, ಉಂಡೆಯನ್ನು ಬುಟ್ಟಿಗೆ ಹಾಕಿದ.

ಗಾಡಿಯನ್ನು ಓಣಿಯ ತಿರುವಿನವರೆಗೆ ತಳ್ಳಿಕೊಂಡು ಹೋದ ಮೇಲೆ ಪ್ರಭುಲಿಂಗನಿಗೆ ತಾನು ತಪ್ಪು ಉತ್ತರ ಕೊಟ್ಟೆನೆಂಬುದು ಹೊಳೆಯಿತು: ಸಡಿಲು ಅಂದಿದ್ದರೆ ಮುದುಕ ಮತ್ತೊಮ್ಮೆ ನೂಲು ಹಿಡಿದು ಮಾತಾಡಿಸುತ್ತಿದ್ದ. ಅಷ್ಟರಲ್ಲಿ ಕಿಕ್ ಹೊಡೆದಾಗಿತ್ತು.