ಮುರಿಯದ ರೊಟ್ಟಿ

ಕಜಕಸ್ತಾನದ ಈ ಪೋಲಿಷ್ ಹಳ್ಳಿಯಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ನಮ್ಮ ಚರ್ಚಿನವರೆಲ್ಲ ಸೇರಿ ಒಂದು ಸಂಸ್ಥೆಯನ್ನು ಆರಿಸಿ ಕಾಣಿಕೆ ಕೊಡುತ್ತೇವೆ. ಈ ಸಲವೂ ಬಯಲಿನಾಚೆಯ ವೃದ್ಧಾಶ್ರಮಕ್ಕೇ ಕೊಡೋಣವೆಂದು ಎಲ್ಲರೂ ತಲೆಯಾಡಿಸುತ್ತಿದ್ದರು. ಅದರ ಯಜಮಾನ ಕಾಜಿಮೆಜ್ ಮುಂದಿನ ಬೆಂಚಿನಲ್ಲಿ ನಗುತ್ತ ಕೂತಿದ್ದ. ನನಗೆ ಮೈಯೆಲ್ಲ ಉರಿಯಿತು.

"ನಮ್ಮೂರಿಂದ ಅಲ್ಲಿಗೆ ಹೋದ ಬ್ರೋನ್ಯಾ ಅಜ್ಜಿ ಹೇಗಿದಾರೆ?" ಎಂದೆ.

"ರಾಣಿ ಥರ ಇದಾರಮ್ಮ. ಹಿಮ ಕರಗ್ಲಿ, ನೀವೇ ಬಂದು ನೋಡಿ."

"ಸುಮ್ನಿರೇ ಗೆನ್ಯಾ, ನಿಂಗೆ ಎಲ್ಲದ್ರಲ್ಲೂ ಹುಳುಕು ಹುಡುಕೋದೇ ಕೆಲ್ಸ," ಎಂದು ನನ್ನ ಗಂಡ ಗದರಿದ. ಅವನು ತನ್ನ ತಾಯಿಯನ್ನು ಇವತ್ತೇ ಅಲ್ಲಿಗೆ ಕಳಿಸಲು ನಿಂತಿದ್ದ.

ಹಿಮದಲ್ಲಿ ಸಿಕ್ಕಿ ನಿನ್ನೆಯಷ್ಟೇ ತಲುಪಿದ ಲಕೋಟೆಯನ್ನು ನಾನು ಚೀಲದಿಂದ ತೆಗೆದೆ. ನಾವು ನೆರವು ಕೊಟ್ಟವರಿಗೆ ಕ್ರಿಸ್ಮಸ್ಸಿಗೆ ಹಪ್ಪಳದಷ್ಟು ತೆಳ್ಳಗಿನ ರೊಟ್ಟಿ ಕಳಿಸುತ್ತೇವೆ. ಅಲ್ಲಿರುವ ಒಬ್ಬೊಬ್ಬರೂ ಒಂದು ಚೂರು ಮುರಿದು ತಿಂದು, ಉಳಿದದ್ದನ್ನು ನಮಗೆ ವಾಪಸು ಕಳಿಸುತ್ತಾರೆ. ನಮ್ಮವರೆಲ್ಲ ಇಲ್ಲಿಗೆ ಗಡೀಪಾರಾಗಿ ಬಂದ ಹಸಿವಿನ ವರ್ಷದಲ್ಲೂ ಬ್ರೋನ್ಯಾ ಅಜ್ಜಿ ಆ ಚೂರನ್ನು ಬಿಟ್ಟವರಲ್ಲ.

"ನೋಡಿ ಫಾದರ್, ಇದು ಇವರ ಆಶ್ರಮದಿಂದ ಬಂದದ್ದು."

ರೊಟ್ಟಿಯ ಒಂದು ಅಂಚೂ ಮುಕ್ಕಾಗಿರಲಿಲ್ಲ.

ಕಾಜಿಮೆಜ್ ನಗುತ್ತಲೇ ಇದ್ದ. "ಅವತ್ತು ಎಲ್ರಿಗೂ ಹೊಟ್ಟೆ ತುಂಬಿತ್ತಮ್ಮ."

ಗಂಡ ಎದ್ದು ಬಾಗಿಲಿಗೆ ಓಡಿದ. ಹೊರಗೆ ಆಶ್ರಮದ ವ್ಯಾನು ಆಗಲೇ ಹೊರಟಿತ್ತು. ಹಿಂದಿನ ಕಿಟಕಿಯಲ್ಲಿ ಅತ್ತೆ, ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ನಮಗೆ ಕೈ ಬೀಸುತ್ತಿದ್ದರು.