ಮುಖ ಕಾಣೋ ಗೋಡೆ

“ಆ ಕಡೆ ಬಿಗಿಯಾಗಿ ಹಿಡ್ಕೊಳ್ರೋ!” ಎಂದು ಕೂಗಿ ವೆಂಕಟರವಣಪ್ಪ ಹಗ್ಗ ಎಳೆದ. ಹಗ್ಗ ಸಲೀಸಾಗಿ ಪೂರ್ತಿ ಅವನ ಕೈಗೇ ಬಂತು. ಆ ಕಡೆ ಯಾರೂ ಇರಲಿಲ್ಲ.

ಬಿದಿರಿನ ಚಟ್ಟ ಅರ್ಧ ಕಟ್ಟಿದಂತೆಯೇ ಅಂಗಳದಲ್ಲಿ ಬಿದ್ದಿತ್ತು. ಸ್ವಲ್ಪ ಹೊತ್ತಿನ ಹಿಂದೆ ಇಲ್ಲಿ ಹನ್ನೊಂದು ಜನ ಗಂಡಸರಿದ್ದರು. ಹೊರೋಕೆ ನಾಲ್ವರು, ಹೆಗಲು ಬದಲಿಸೋಕೆ ನಾಲ್ವರು, ಗುಂಡಿ ತೋಡೋಕೆ ಮೂವರು ಅಂತ ಅವನೇ ನೇಮಿಸಿದ್ದ. ಈಗ ಉಳಿದವರು ಇಬ್ಬರೇ. ಒಬ್ಬ ತಾನು, ಇನ್ನೊಬ್ಬ ಜಗಲಿಯ ಮೇಲೆ ಗೋಡೆಗೊರಗಿಸಿ ಕೂರಿಸಿದ್ದ ಬಾವ ಗಂಗುಲಪ್ಪ. ಗಂಗುಲಪ್ಪ ಅವತ್ತು ಬೆಳಿಗ್ಗೆ ಎಂಟೂವರೆಗೆ ತೀರಿಕೊಂಡಿದ್ದ.

“ಎಲ್ಲೋದ್ರಮ್ಮಾ ಎಲ್ಲಾರೂ?” ಎಂದು ಒಳಗೆ ಇಣುಕಿ ಕೇಳಿದ.

ಹೆಂಗಸರ ಮಧ್ಯೆ ಕೂತಿದ್ದ ಅವನ ತಂಗಿ ಮುನಿಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, “ಟೀಚರಮ್ಮನ ಮನೆಗೆ ಕಣಣ್ಣ,” ಅಂದಳು. “ಗೋಡೆ ಉಜ್ಜೋಕೆ.”

ಸಾವಿನ ಮನೆಯಿಂದ ಜನ ಬೀಡಿಗೆ ಅಂತ ಎದ್ದು ಹೋಗುವುದುಂಟು, ಕಾಫಿಗೆ ಹೋಗುವುದುಂಟು. ಗೋಡೆ ಉಜ್ಜೋಕೆ ಹೋದದ್ದನ್ನು ಶಿಡ್ಲಘಟ್ಟದ ಕೋಟೆ ಬೀದಿ ಅವತ್ತೇ ಮೊದಲು ಕಂಡದ್ದು. ವೆಂಕಟರವಣಪ್ಪನ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು.

*

ಗಂಗುಲಪ್ಪ ಗಾರೆ ಮೇಸ್ತ್ರಿ. ಆದರೆ ಜನ್ಮದಲ್ಲಿ ಒಂದು ಹೊಸ ಮನೆ ಕಟ್ಟಿದವನಲ್ಲ. ಶಿಡ್ಲಘಟ್ಟ, ಮೇಲೂರು, ಚಿಂತಾಮಣಿ ಕಡೆ ನೂರು ವರ್ಷ ದಾಟಿದ ತೊಟ್ಟಿ ಮನೆಗಳಲ್ಲಿ ಎಲ್ಲಿ ಗೋಡೆ ಉಬ್ಬಿತು, ಎಲ್ಲಿ ತೊಲೆಗೆ ಗೆದ್ದಲು ಹತ್ತಿತು ಅಂದರೆ ಅಲ್ಲಿಗೆ ಅವನು ಹಾಜರ್. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ, ಇಷ್ಟೇ ಅವನ ಸಾಮಾನು. ಸಿಮೆಂಟನ್ನು ಅವನು ಹೆಸರು ಹಿಡಿದು ಕರೆದದ್ದೇ ಇಲ್ಲ, ಬೂದಿ ಅನ್ನುತ್ತಿದ್ದ. ಇದರಲ್ಲಿ ತೊಂದರೆ ಏನಪ್ಪಾ ಅಂದರೆ, ಹೆಂಡತಿಯ ಅಣ್ಣ ವೆಂಕಟರವಣಪ್ಪ ಬಸ್ ಸ್ಟ್ಯಾಂಡ್ ಹತ್ತಿರ ಸಿಮೆಂಟ್ ಅಂಗಡಿ ಇಟ್ಟಿದ್ದ.

ಎಂಬತ್ತನಾಲ್ಕರಲ್ಲಿ ಆ ಅಂಗಡಿಯ ಪೂಜೆ. ಮಂಗಳಾರತಿ ಆಗಿ, ಊರಿನ ದೊಡ್ಡವರೆಲ್ಲ ಪ್ರಸಾದದ ಚರುಪಿಗೆ ಕೈ ಒಡ್ಡಿ ನಿಂತಿದ್ದಾಗ ಗಂಗುಲಪ್ಪ ಒಡೆದ ಮೂಟೆಯಿಂದ ಒಂದು ಚಿಟಿಕೆ ತೆಗೆದು ಮೂಸಿ ನೋಡಿ, “ಯಾರ್ದು ಬಾವ ಇದು ಬೂದಿ? ಪಾಪ, ಯಾವಾಗ ಹೋದ್ರು?” ಅಂದುಬಿಟ್ಟ. ಪುರೋಹಿತರು ಸೇರಿದಂತೆ ಎಲ್ಲರೂ ನಕ್ಕರು.

ವೆಂಕಟರವಣಪ್ಪನಿಗೆ ಮೈಯೆಲ್ಲ ಉರಿಯಿತು. “ನಿನ್ನ ಸುಣ್ಣದ ಗೋಡೆಗೆ ಒರಗಿದ್ರೆ ಬೆನ್ನೆಲ್ಲ ಬೆಳ್ಳಗಾಗ್ತದೆ, ಅದನ್ನ ಹೇಳು ಮೊದ್ಲು.”

“ನಮ್ಮ ತಾತ ಮಾಡ್ತಿದ್ದ ಗೋಡೇಲಿ ಮುಖ ಕಾಣ್ತಿತ್ತು ಬಾವ. ಹೆಂಗಸ್ರು ಅದನ್ನ ನೋಡ್ಕೊಂಡೇ ಕುಂಕುಮ ಇಟ್ಕೊಳ್ತಿದ್ರು.”

“ಬುರುಡೆ ಬಿಡಬೇಡ. ಸುಣ್ಣದ ಗೋಡೇಲಿ ಮುಖ ಕಂಡ್ರೆ ಅದೇ ಗೋಡೆ ಮುಂದೆ ಕೂತು ಈ ಮೀಸೆ ಬೋಳಿಸ್ಕೊಳ್ತೀನಿ, ಹೋಗು!”

ಗಂಗುಲಪ್ಪ ಮೀಸೆಯನ್ನು ಎಡದಿಂದ ಬಲಕ್ಕೆ ಒಂದು ಸಲ ನೋಡಿದ. “ಮಾಟ ತಪ್ಪಕೂಡದು ಬಾವಾ,” ಎಂದು, ಕೊಟ್ಟ ಮಾತು ತಪ್ಪಬಾರದೆಂಬುದನ್ನು ತೆಲುಗಿನಲ್ಲಿ ಹೇಳಿ, ಚರುಪು ತಿಂದು ಹೋದ.

ಆ ಮೀಸೆ ಸಾಮಾನ್ಯದ್ದಲ್ಲ. ದಿನಾ ಬೆಳಿಗ್ಗೆ ಹರಳೆಣ್ಣೆ ಹಚ್ಚಿ, ಎರಡು ತುದಿಯನ್ನೂ ಬೆರಳಿನಲ್ಲಿ ಹುರಿ ಮಾಡಿ, ಆಮೇಲೆ ವೆಂಕಟರವಣಪ್ಪ ಹೆಂಡತಿಯನ್ನು ಮಾತಾಡಿಸುತ್ತಿದ್ದದ್ದು. ಮುಂದೆ ಎಂಟು ವರ್ಷ ಗಂಗುಲಪ್ಪ ಅದನ್ನು ಬೇಟೆಯಾಡಿದ. ಮೇಲೂರಿನ ಪಟೇಲರ ಮನೆಯಲ್ಲಿ ಕಡೇ ಪದರ ಬಿರುಕು ಬಿಟ್ಟಿತು. ಚಿಂತಾಮಣಿಯಲ್ಲಿ ಗೋಡೆ ಹಸಿಯಾಗಿದ್ದಾಗಲೇ ಮನೆಯ ಎಮ್ಮೆ ಬಂದು ಬೆನ್ನು ತುರಿಸಿಕೊಂಡಿತು. ಸೋತಾಗಲೆಲ್ಲ ಅವನು ನೆಟ್ಟಗೆ ಸಿಮೆಂಟ್ ಅಂಗಡಿಗೆ ಬಂದು, “ಚೆನ್ನಾಗಿ ಎಣ್ಣೆ ಹಚ್ಚು ಬಾವ, ಇನ್ನೇನು ಸ್ವಲ್ಪ ದಿನ,” ಎಂದು ಹೇಳಿ ಹೋಗುತ್ತಿದ್ದ.

*

ಟೀಚರಮ್ಮ ಅಂದರೆ ಲಕ್ಷ್ಮಿದೇವಮ್ಮ, ರಿಟೈರ್ಡ್ ಹೆಡ್‌ಮಿಸ್ಟ್ರೆಸ್. ಗಂಗುಲಪ್ಪನ ಮನೆಗೆ ಐದು ಮನೆ ಆಚೆ ಅವರ ಅಜ್ಜನ ಕಾಲದ ತೊಟ್ಟಿ ಮನೆ. ತಮ್ಮಂದಿರು ಅದನ್ನು ಕೆಡವಿ ಲಾಡ್ಜ್ ಕಟ್ಟಿಸೋಣ ಅಂದಿದ್ದರು. ಎಷ್ಟು ಮೂಟೆ ಬೇಕೆಂದು ವೆಂಕಟರವಣಪ್ಪ ಚೀಟಿಯನ್ನೂ ಬರೆದುಕೊಟ್ಟಿದ್ದ. ಟೀಚರಮ್ಮ ಆ ಚೀಟಿಯ ಹಿಂಬದಿಗೆ ‘ಆಗುವುದಿಲ್ಲ’ ಎಂದು ಬರೆದು ಸಹಿ ಹಾಕಿ ವಾಪಸ್ ಕಳಿಸಿ, ಗಂಗುಲಪ್ಪನನ್ನು ಕರೆಸಿದ್ದರು.

ವೆಂಕಟರವಣಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡೇ ಅಲ್ಲಿಗೆ ನುಗ್ಗಿದ. ಬೀದಿ ಬಾಗಿಲಿಗೆ ಎದುರಾಗಿ ನಡುಮನೆಯ ಗೋಡೆ. ಅದರ ಮುಂದೆ ಅವನ ಹನ್ನೊಂದೂ ಜನ, ಜೊತೆಗೆ ರೇಷ್ಮೆ ಬಿಚ್ಚುವ ಮೂರು ನಾಲ್ಕು ಹೆಂಗಸರು, ಕೈಯಲ್ಲಿ ಒಂದೊಂದು ನುಣ್ಣನೆ ಕಲ್ಲು ಹಿಡಿದು ಗಸಗಸ ಉಜ್ಜುತ್ತಿದ್ದರು. ಮಧ್ಯದಲ್ಲಿ ಅಮ್ಮಾಜಮ್ಮ. ಮೂವತ್ತು ವರ್ಷದಿಂದ ಗಂಗುಲಪ್ಪನಿಗೆ ಸುಣ್ಣ ಅರೆದುಕೊಟ್ಟವಳು. ಅವಳು ಅಳುತ್ತಲೂ ಇದ್ದಳು, ಉಜ್ಜುತ್ತಲೂ ಇದ್ದಳು, ಎಡಗಡೆಯವನನ್ನು ಬೈಯುತ್ತಲೂ ಇದ್ದಳು.

“ಏನಮ್ಮಾ ಇದು ಕರ್ಮ? ಹೆಣ ಅಲ್ಲಿ ಕೂತದೆ, ನೀವು ಇಲ್ಲಿ ಗೋಡೆ ಸವರ್ತಾ ಇದ್ದೀರಾ!”

“ಕೈ ನಿಲ್ಲಿಸ್ಬೇಡ ಅಂತ ಹೇಳಿ ಪ್ರಾಣ ಬಿಟ್ಟವ್ನೆ ನಮ್ಮ ಮೇಸ್ತ್ರಿ,” ಅಂದಳು ಅಮ್ಮಾಜಮ್ಮ, ತಿರುಗಿ ಕೂಡ ನೋಡದೆ. “ನಾನು ನಿಲ್ಲಿಸಾಕಿಲ್ಲ.”

ನಡೆದದ್ದು ಹೀಗೆ. ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಗಂಗುಲಪ್ಪ ಕಡೇ ಪದರ ಬಳಿಯಲು ಶುರು ಮಾಡಿದ. ಈ ಪದರ ಬಳಿದ ಮೇಲೆ, ಅದು ಒಣಗುವ ತನಕ, ಅಂದರೆ ಸಾಯಂಕಾಲದ ತನಕ, ಕಲ್ಲಿನಲ್ಲಿ ಉಜ್ಜುತ್ತಲೇ ಇರಬೇಕು. ಕೈ ನಿಂತರೆ ಅಲ್ಲಿಗೆ ಹೊಳಪು ಸತ್ತಿತು. ಎಂಟೂವರೆಗೆ ಅವನು ಕರಣೆ ಕೆಳಗಿಟ್ಟು, ಅಲ್ಲೇ ಜಗಲಿಯಲ್ಲಿ ಕೂತು, ಕಾಫಿ ಅರ್ಧ ಕುಡಿದು, “ಅಮ್ಮಾಜಿ, ಕೈ ನಿಲ್ಲಿಸ್ಬೇಡ,” ಎಂದ. ಅಷ್ಟೆ, ಪಕ್ಕಕ್ಕೆ ವಾಲಿದ. ಅಮ್ಮಾಜಮ್ಮ ಉಜ್ಜುತ್ತಲೇ “ಅಯ್ಯೋ, ಬನ್ರಪ್ಪೋ, ಹೋಯ್ತು!” ಎಂದು ಕಿರುಚಿಕೊಂಡಳು. ಓಡಿ ಬಂದವರು ಗೋಡೆಯೇ ಹೋಯಿತು ಅಂದುಕೊಂಡು ಮೊದಲು ಗೋಡೆ ಹಿಡಿದುಕೊಂಡರು, ಆಮೇಲೆ ಗಂಗುಲಪ್ಪನನ್ನು ಎತ್ತಿ ಅವನ ಮನೆಗೆ ಒಯ್ದರು.

ಟೀಚರಮ್ಮ ಕಂಬದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಕಣ್ಣೂ ಕೆಂಪಗಿತ್ತು.

“ಸೂತಕದ ಕೈ ಮೇಡಂ,” ಅಂದ ವೆಂಕಟರವಣಪ್ಪ, ಏನಾದರೊಂದು ಎಳೆ ಸಿಕ್ಕಲಿ ಅಂತ. “ನಿಮ್ಮ ಮನೆ ಗೋಡೆ ಮುಟ್ಟಬಾರದು ಇವ್ರು.”

“ಸುಣ್ಣಕ್ಕೆ ಯಾವ ಸೂತಕನಪ್ಪ?”

“ಅದಲ್ಲದೆ, ನಿಮ್ದು ಮಡಿ ಮನೆ. ಇದಕ್ಕೆ ಏನೇನು ಕಲಸವ್ನೆ ಅಂತ ಗೊತ್ತಾ ನಿಮಗೆ? ಮೊಟ್ಟೆ! ಇನ್ನೂರು ಮೊಟ್ಟೆ ಬಿಳಿ!”

ಹದಿನೈದು ಕೈ ಒಟ್ಟಿಗೆ ನಿಧಾನವಾದವು. ಗಂಗುಲಪ್ಪ ಇದನ್ನು ಟೀಚರಮ್ಮನ ಹತ್ತಿರ ‘ಬಿಳಿ ಔಷಧಿ’ ಅಂತ ಹೇಳಿಟ್ಟಿದ್ದದ್ದು ಇಡೀ ಬೀದಿಗೆ ಗೊತ್ತಿತ್ತು.

“ಗೊತ್ತಿಲ್ದೆ ಏನು,” ಅಂದರು ಟೀಚರಮ್ಮ. “ಹತ್ತು ದಿನದಿಂದ ಈ ಬೀದಿಲಿ ಪ್ರತಿ ಮನೇಲೂ ಮೊಟ್ಟೆ ಸಾರಿನ ವಾಸನೆ. ಬಿಳಿ ನನ್ನ ಗೋಡೆಗೆ, ಹಳದಿ ನಿಮ್ಮ ಹೊಟ್ಟೆಗೆ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದೀನಪ್ಪ, ಇಷ್ಟು ತಿಳಿಯಲ್ವಾ ನನಗೆ? ಉಜ್ಜಿ, ಉಜ್ಜಿ.”

ಹದಿನೈದು ಕೈಗಳೂ ಮೊದಲಿಗಿಂತ ಜೋರಾಗಿ ಉಜ್ಜತೊಡಗಿದವು.

ವೆಂಕಟರವಣಪ್ಪ ಗೋಡೆಯ ಹತ್ತಿರ ಹೋಗಿ ಬಗ್ಗಿ ನೋಡಿದ. ಬೆಳ್ಳಗೆ, ತಣ್ಣಗೆ, ಮಂಕಾಗಿತ್ತು. ಮುಖ ಗಿಖ ಏನೂ ಇಲ್ಲ. ಅವನಿಗೆ ಉಸಿರು ಬಂದಂತಾಯಿತು. ಈಗ ತಾನು ಹಿರಿಯನಾಗಿ, ‘ಬನ್ರೋ ಎಲ್ಲಾ, ಹೊತ್ತಾಯ್ತು’ ಎಂದು ಒಂದು ಮಾತು ಗದರಿದರೆ ಸಾಕು. ಗೋಡೆ ಹೀಗೇ ಒಣಗುತ್ತದೆ, ಮೀಸೆ ಹೀಗೇ ಉಳಿಯುತ್ತದೆ. ಯಾರೂ ತಪ್ಪು ಹೇಳುವ ಹಾಗಿಲ್ಲ. ಹೊತ್ತು ಮುಳುಗುವ ಮೊದಲು ಮಣ್ಣು ಮಾಡುವುದು ಧರ್ಮವೇ ತಾನೆ?

ಅವನು ಬಾಯಿ ತೆರೆದ. ಬಾಗಿಲಲ್ಲಿ ಮುನಿಗಂಗಮ್ಮ ನಿಂತಿದ್ದಳು. ಸತ್ತವನ ಹೆಂಡತಿ ಹೊಸಿಲು ದಾಟಿ ಬೀದಿಗೆ ಬಂದಿದ್ದಾಳೆ, ಇದೊಂದು ಬಾಕಿ ಇತ್ತು.

“ಅಣ್ಣಾ, ನೀನು ಕರೆದ್ರೆ ಎಲ್ಲಾ ಬಂದುಬಿಡ್ತಾರೆ,” ಅಂದಳು. “ಕರೀಬೇಡ.”

“ನಿನ್ನ ಗಂಡನ್ನ ಯಾರಮ್ಮ ಹೊರ್ತಾರೆ?”

“ಮಗ ಚನ್ನಕೇಶವ ಬರೋದು ಹೆಂಗೂ ಮೂರು ಗಂಟೆ. ಅಲ್ಲೀತನಕ ಕಾಯ್ಲೇಬೇಕಲ್ಲ. ಇದೊಂದಾದ್ರೂ ಆಗ್ಲಿ ಕಣಣ್ಣ. ಎಂಟು ವರ್ಷ ನಿದ್ದೇಲೂ ನಿನ್ನ ಮೀಸೆ ಬಗ್ಗೇನೇ ಮಾತಾಡ್ತಿದ್ದ.” ಅಷ್ಟು ಹೇಳಿ ಅವಳು ನಗಲು ಹೋಗಿ ಅತ್ತುಬಿಟ್ಟಳು. ಅಮ್ಮಾಜಮ್ಮನೂ ಅತ್ತಳು. ಕೈ ಮಾತ್ರ ನಿಲ್ಲಿಸಲಿಲ್ಲ.

ವೆಂಕಟರವಣಪ್ಪ ತೆರೆದ ಬಾಯಿ ಮುಚ್ಚಿದ. ಹಗ್ಗ ಕೆಳಗೆ ಹಾಕಿ, “ಕೊಡಮ್ಮಾ ಇಲ್ಲಿ ಒಂದು ಕಲ್ಲು,” ಅಂದ.

“ನಿನ್ನ ಕೈ ಮೂಟೆ ಹೊತ್ತು ಗರಗಸ ಆಗದೆ,” ಅಂದಳು ಅಮ್ಮಾಜಮ್ಮ. “ಗೀರು ಬಿದ್ರೆ ನೋಡು! ಬಳೆ ತೊಟ್ಟಿರೋ ಕೈ ಥರ ಆಡಿಸು. ದುಂಡಗೆ. ಹಾಂ, ದುಂಡಗೆ.”

*

ಮಗ ಚನ್ನಕೇಶವ ಗೌರಿಬಿದನೂರಿನಲ್ಲಿ ಪೋಸ್ಟ್‌ಮ್ಯಾನ್. ಚಿಕ್ಕಬಳ್ಳಾಪುರದಲ್ಲಿ ಬಸ್ ತಪ್ಪಿ, ಲಾರಿ ಹಿಡಿದು ಬಂದಾಗ ಮೂರೂವರೆ. ಅಪ್ಪನ ಮುಂದೆ ಕೂತು ಮನಸಾರೆ ಅತ್ತು, ಮೂಗೊರೆಸಿಕೊಂಡು, “ಮಾವ ಎಲ್ಲಿ?” ಎಂದು ಕೇಳಿದ. ಎಲ್ಲಿದ್ದಾನೆಂದು ಕೇಳಿ, ನಂಬದೆ, ತಾನೇ ಹೋಗಿ ನೋಡಿ ಬಂದ. ಸಿಮೆಂಟ್ ಅಂಗಡಿ ವೆಂಕಟರವಣಪ್ಪ ತಲೆಯಿಂದ ಪಂಚೆಯವರೆಗೆ ಸುಣ್ಣವಾಗಿ, ನಾಲಿಗೆ ಹೊರಗೆ ಚಾಚಿಕೊಂಡು, ದುಂಡಗೆ ಉಜ್ಜುತ್ತಿದ್ದ.

ಅಷ್ಟರಲ್ಲಿ ಕಲ್ಲಿನ ಸರದಿ ಮುಗಿದು ಅಂಗೈಯ ಸರದಿ ಬಂದಿತ್ತು. ಬಳಪದ ಪುಡಿ ಹಾಕಿ ಬರಿಗೈಯಲ್ಲಿ ತಿಕ್ಕಬೇಕು. ಬಿಸಿನೀರಿನಲ್ಲಿ ಗೂಡು ಬಿಚ್ಚಿ ಬಿಚ್ಚಿ ನಯವಾದ ರೇಷ್ಮೆ ಹೆಂಗಸರ ಅಂಗೈ ಅದಕ್ಕೆಂದೇ ಮಾಡಿಸಿದಂತಿತ್ತು. ಒಂದು ಮೂಲೆಯಿಂದ ಗೋಡೆ ಮಿಂಚತೊಡಗಿತು.

ಬಾವಿಕಟ್ಟೆಯಲ್ಲಿ ಚನ್ನಕೇಶವನ ತಲೆ ಬೋಳಿಸಿದ್ದಾಯಿತು. ತಮಟೆಯವರು ಬಂದರು. ಹೆಣ ಎತ್ತುವ ಹೊತ್ತು. ಗಂಡಸರು ಒಬ್ಬೊಬ್ಬರಾಗಿ ಕೈ ತೊಳೆದು ಹೊರಟರು. ಹೆಂಗಸರೂ ಕಡೇ ಸಲ ಮುಖ ನೋಡಲು ಹೊರಟರು. ಟೀಚರಮ್ಮ ಕೋಲು ಹಿಡಿದು ಅವರ ಹಿಂದೆ ನಡೆದರು. ಅಮ್ಮಾಜಮ್ಮ ಮಾತ್ರ ಹೊರಡಲಾರದೆ, ಉಳಿಯಲಾರದೆ, ಬಾಗಿಲ ಕಡೆ ನೋಡಿ ಮತ್ತೆ ಗೋಡೆ ಕಡೆ ನೋಡಿದಳು. ನಡುವೆ ಒಂದು ಗೇಣಗಲ ಇನ್ನೂ ಮಂಕಾಗಿಯೇ ಇತ್ತು.

“ನೀನು ಹೋಗಮ್ಮಾ,” ಅಂದ ವೆಂಕಟರವಣಪ್ಪ.

“ನೀನು ಹೆಂಡ್ತಿ ಅಣ್ಣ. ನೀನು ಹೆಗಲು ಕೊಡ್ಬೇಕು ಕಣಪ್ಪ.”

“ಇನ್ನೂ ಎಂಟು ಜನ ಅವ್ರೆ ಹೆಗಲು ಕೊಡೋಕೆ. ಮೂವತ್ತು ವರ್ಷ ಅವನ ಜೊತೇಲಿದ್ದವಳು ನೀನು. ಹೋಗು, ನಾನು ನಿಲ್ಲಿಸಲ್ಲ.”

ಅವಳು ಅವನ ಅಂಗೈ ಹಿಡಿದು ನೋಡಿ, ಇಷ್ಟು ಪುಡಿ ಹಾಕಿ, ಓಡಿದಳು.

ಮನೆಯಲ್ಲಿ ಅವನೊಬ್ಬನೇ ಉಳಿದ. ಆ ಗೇಣಗಲ ಜಾಗದ ಮುಂದೆ ಕೂತು ಉಜ್ಜಿದ, ಉಜ್ಜಿದ. ಭುಜ ಬಿದ್ದುಹೋಗುವಂತಾಯಿತು. “ನೀನು ಬದುಕಿದ್ದಾಗ್ಲೂ ಕಾಟ, ಸತ್ತ ಮೇಲೂ ಕಾಟ,” ಎಂದು ಬೈದುಕೊಂಡ. ತಮಟೆ ಸದ್ದು ಹತ್ತಿರ ಬಂತು. ತಿರುಗಬೇಕೆನಿಸಿತು. ತಿರುಗಿದರೆ ಕೈ ನಿಲ್ಲುತ್ತದೆ. ಆಗ ಗೋಡೆಯೊಳಗೇ ಏನೋ ಅಲುಗಾಡಿತು.

ಮೊದಲು ಬೀದಿ ಬಾಗಿಲಿನ ಬೆಳಕು ಕಂಡಿತು. ಬೆಳಕಿನಲ್ಲಿ ಚನ್ನಕೇಶವನ ಬೋಳುತಲೆ, ಅವನ ಕೈಯ ಬೆಂಕಿ ಮಡಕೆ. ಹಿಂದೆ ನಾಲ್ಕು ಹೆಗಲು, ಹೆಗಲ ಮೇಲೆ ಚೆಂಡುಹೂವು. ಹೂವಿನ ಸಂದಿಯಲ್ಲಿ ಗಂಗುಲಪ್ಪನ ಎರಡು ಪಾದ, ಎಷ್ಟು ತೊಳೆದರೂ ಹೋಗದ ಸುಣ್ಣ ಬೆರಳ ಸಂದಿಗಳಲ್ಲಿ ಹಾಗೇ ಇತ್ತು. ಟೀಚರಮ್ಮನ ಮನೆಯ ಮುಂದೆ ಅವರು ಒಂದು ಕ್ಷಣ ಹೆಣ ಇಳಿಸಿ ಎತ್ತಿದರು. ಅದೆಲ್ಲ ಗೋಡೆಯಲ್ಲಿ ನಡೆಯಿತು. ಮೆರವಣಿಗೆ ದಾಟಿಹೋದ ಮೇಲೆ ಅಲ್ಲಿ ಉಳಿದದ್ದು ಸುಣ್ಣ ಮೆತ್ತಿದ ಒಂದು ಮುಖ, ಎರಡು ಕಡೆಗೂ ಹುರಿ ಮಾಡಿದ ಮೀಸೆ, ಮೀಸೆಯ ಮೇಲೆ ಇಳಿಯುತ್ತಿದ್ದ ಕಣ್ಣೀರು. ಇವನ್ಯಾರು ಹೆಂಗಸಿನ ಥರ ಅಳ್ತಾವ್ನೆ ಎಂದು ವೆಂಕಟರವಣಪ್ಪನಿಗೆ ನಾಚಿಕೆಯಾಯಿತು. ಆಮೇಲೆ ತಿಳಿಯಿತು.

“ಗೆದ್ದೆಯಲ್ಲೋ ಬಾವಾ,” ಅಂದ.

ಹಜಾಮ ಮುನಿನಾರಾಯಣಪ್ಪ ಬಾವಿಕಟ್ಟೆಯ ಕೆಲಸ ಮುಗಿಸಿ, ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಮೆರವಣಿಗೆಯ ಹಿಂದೆ ಹೆಜ್ಜೆ ಹಾಕುತ್ತಿದ್ದ.

“ಮುನಿನಾರಾಯಣಪ್ಪಾ, ಬಾ ಇಲ್ಲಿ,” ಒಳಗಿನಿಂದ ಕರೆ ಬಂತು. “ಇದನ್ನ ತೆಗೆದುಬಿಡು.”

ಮುನಿನಾರಾಯಣಪ್ಪ ಮೀಸೆಯನ್ನು ನೋಡಿದ, ಮನುಷ್ಯನನ್ನು ನೋಡಿದ. “ಬಾವಂಗೆ ಮೀಸೆ ತೆಗೆಸೋ ಪದ್ಧತಿ ಇಲ್ವಲ್ಲ ಸ್ವಾಮಿ.”

“ಪದ್ಧತಿ ಅಲ್ಲ, ಮಾತು. ತೆಗಿ.”

ಹಜಾಮ ಕುಕ್ಕರುಗಾಲಲ್ಲಿ ಕೂತು, ಪೆಟ್ಟಿಗೆ ಬಿಚ್ಚಿ, ಕತ್ತಿ ಮಸೆದು, ಪಾದರಸ ಉದುರಿದ ತನ್ನ ಪುಟ್ಟ ಕನ್ನಡಿಯನ್ನು ವಾಡಿಕೆಯಂತೆ ಎದುರಿಗೆ ಹಿಡಿದ. ವೆಂಕಟರವಣಪ್ಪ ಎಡಗೈಯಲ್ಲಿ ಅದನ್ನು ಪಕ್ಕಕ್ಕೆ ಸರಿಸಿದ.

ಗೋಡೆಯನ್ನು ನೋಡುತ್ತಾ ಅವನು ಗದ್ದ ಎತ್ತಿ ಕೊಟ್ಟ. ಮೀಸೆಯ ಬಲ ಅರ್ಧ ಉದುರಿ ಮಡಿಲಿಗೆ ಬಿತ್ತು. ಕೆಳಗೆ ಅವನ ಬಲಗೈ ಗೋಡೆಯ ಮೇಲೆ ದುಂಡಗೆ, ದುಂಡಗೆ ಆಡುತ್ತಲೇ ಇತ್ತು.