ನಾನು ಬಿಡುಗಡೆ ಮಾಡಿದ ಹದಿನಾಲ್ಕು ಮಂದಿ

ವಕೀಲ ಬಾಲರಾಜರ ಕಾದಂಬರಿಗಳೆಂದರೆ ನನಗೆ ಹುಚ್ಚು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಚಳ್ಳಕೆರೆಯಲ್ಲಿ ಮೂವತ್ತು ವರ್ಷ ಕರಿ ಕೋಟು ಹಾಕಿಕೊಂಡು ಓಡಾಡಿದ ಮನುಷ್ಯ. ಹದಿನಾಲ್ಕು ಕಾದಂಬರಿ ಬರೆದರು, ಹದಿನಾಲ್ಕರಲ್ಲೂ ಒಂದೊಂದು ಕೇಸು. ಬೇರೆಯವರ ಪುಸ್ತಕದಲ್ಲಿ ವಕೀಲ ಎದ್ದು ಮೇಜು ಗುದ್ದಿದ ಕೂಡಲೇ ಕಳ್ಳ ಅಳುತ್ತಾ ಒಪ್ಪಿಕೊಂಡುಬಿಡುತ್ತಾನೆ. ಇವರಲ್ಲಿ ಹಾಗಿಲ್ಲ. ಇವರ ವಕೀಲ ಬೆಳಿಗ್ಗೆಯಿಂದ ಕಾದು ಕಾದು, ಸರಿಯಾಗಿ ತನ್ನ ಕೇಸು ಕೂಗುವ ಹೊತ್ತಿಗೆ ಟೀ ಕುಡಿಯಲು ಹೋಗಿರುತ್ತಾನೆ. ಆದರೂ ಪಾಟೀಸವಾಲು ಶುರುವಾಯಿತೆಂದರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ನನಗೆ ತಿಳಿಯುತ್ತಿರಲಿಲ್ಲ.

ಕೊನೆಯ ಪುಟದಲ್ಲಿ ಮಾತ್ರ ಆ ಮನುಷ್ಯ ಯಾರಿಗೂ ದಯೆ ತೋರುವುದಿಲ್ಲ. ನಿರಪರಾಧಿ ಸೋಲುತ್ತಾನೆ. ಜಡ್ಜು ಕೆಟ್ಟವರಲ್ಲ, ಪೊಲೀಸರೂ ಕೆಟ್ಟವರಲ್ಲ. ಸತ್ಯ ಹೇಳುವವನ ಕೈಯಲ್ಲಿ ಒಂದು ಕಾಗದ ಇರುವುದಿಲ್ಲ, ಅಷ್ಟೇ.

ಮೊಳಕಾಲ್ಮೂರಿನಲ್ಲಿ ನಮ್ಮ ಪಕ್ಕದ ಮನೆಯ ಮೂಗಮ್ಮ ರೇಷ್ಮೆ ಸೀರೆ ನೇಯುವವಳು. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ, ಓದು ಬರುವುದಿಲ್ಲ. ನಾನು ಅಂಗನವಾಡಿಯ ಕೆಲಸ ಮುಗಿಸಿ ಮಧ್ಯಾಹ್ನ ಅವಳ ಮಗ್ಗದ ಪಕ್ಕ ಕೂತು ಓದಿ ಹೇಳುತ್ತಿದ್ದೆ. ಮಗ್ಗದ ಸದ್ದಿನ ಮೇಲೆ ಓದಬೇಕೆಂದರೆ ಹರಾಜು ಕೂಗುವ ಗಂಟಲು ಬೇಕು. ನಾಲ್ಕೈದು ತಿಂಗಳಿಗೊಮ್ಮೆ ತವರಿಗೆಂದು ಚಳ್ಳಕೆರೆಗೆ ಹೋದಾಗ ಅಲ್ಲಿನ ಗ್ರಂಥಾಲಯದಿಂದ ಬಾಲರಾಜರ ಇನ್ನೊಂದು ಪುಸ್ತಕ ತರುತ್ತಿದ್ದೆ.

ಮೊದಲ ಪುಸ್ತಕದಲ್ಲಿ ಒಬ್ಬ ಬಡ ಮೇಷ್ಟ್ರ ಮೇಲೆ ಕೊಲೆ ಆರೋಪ. ತೀರ್ಪಿಗೆ ಎರಡು ಪುಟ ಇದೆ ಅನ್ನುವಾಗ ಮೂಗಮ್ಮ ಲಾಳಿ ಕೈಬಿಟ್ಟು ಕೂತಳು. ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಅಂಚಿನಲ್ಲಿ ಆಗಲೇ ಎರಡು ಕಡೆ ಎಳೆ ತಪ್ಪಿತ್ತು.

"ಲೇ ನಿರ್ಮಲಾ, ಆ ಮೇಷ್ಟ್ರಿಗೇನಾರ ಆದ್ರೆ ನನ್ ಕೈಲಿ ಈ ಸೀರೆ ಮುಗ್ಸಾಕಾಗಲ್ಲ ನೋಡು" ಅಂದಳು.

ಪುಸ್ತಕದಲ್ಲಿ ಮೇಷ್ಟ್ರಿಗೆ ಜೀವಾವಧಿ ಶಿಕ್ಷೆ. ನಾನು ಪುಟದ ಮೇಲೆ ಕಣ್ಣಿಟ್ಟುಕೊಂಡೇ, "ಆರೋಪಿಯನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಲಾಗಿದೆ" ಎಂದು ಓದಿದೆ. ಮೂಗಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನಕ್ಕಳು. ಅವತ್ತು ಇಬ್ಬರೂ ಮಂಡಕ್ಕಿ ತಿಂದೆವು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಲಾರಿ ಡ್ರೈವರನ್ನು ಬಿಡಿಸಿದೆ, ಬ್ಯಾಂಕಿನ ಗುಮಾಸ್ತನನ್ನು ಬಿಡಿಸಿದೆ, ರತ್ನಮ್ಮ ಎಂಬ ವಿಧವೆಗೆ ಅವಳ ಮನೆ ಕೊಡಿಸಿದೆ. ಐದು ವರ್ಷದಲ್ಲಿ ಹದಿನಾಲ್ಕು ಮಂದಿ. ಹೈಕೋರ್ಟಿನವರೂ ಅಷ್ಟು ಸಲೀಸಾಗಿ ತೀರ್ಪು ತಿರುಗಿಸಿರಲಿಕ್ಕಿಲ್ಲ. ದೇವರಾಣೆ ಹೇಳುತ್ತೇನೆ, ನನ್ನ ಕೊನೆಗಳೇ ಬಾಲರಾಜರ ಕೊನೆಗಳಿಗಿಂತ ಚೆನ್ನ ಎಂಬ ಕೊಬ್ಬೂ ನನಗೆ ಬಂದಿತ್ತು.

ಆಮೇಲೆ ಮೂಗಮ್ಮನ ಮೇಲೇ ಕೇಸು ಬಿತ್ತು. ಅವಳಿದ್ದ ಮನೆ ಅವಳ ಗಂಡ ಮತ್ತು ಭಾವ ಗಾದ್ರಪ್ಪ ಸೇರಿ ಕೊಂಡದ್ದು. ಅರ್ಧ ದುಡ್ಡು ಇವಳ ಗಂಡನದೇ. ಆದರೆ ಕ್ರಯಪತ್ರದಲ್ಲಿ ಇದ್ದದ್ದು ಗಾದ್ರಪ್ಪನ ಹೆಸರೊಂದೇ. ಅಣ್ಣತಮ್ಮಂದಿರು ಬದುಕಿರುವ ತನಕ ಅದನ್ನು ಯಾರೂ ಕೇಳಲಿಲ್ಲ. ಇಬ್ಬರೂ ಹೋದ ಮೇಲೆ ಗಾದ್ರಪ್ಪನ ಮಗ ಗಂಗರಾಜು ಮನೆ ಬಿಡಿ ಎಂದು ದಾವೆ ಹಾಕಿದ.

ಲೋಕ ಅದಾಲತ್ತಿನ ದಿನ ಕೋರ್ಟಿಗೆ ಅವಳ ಜೊತೆ ನಾನೂ ಹೋಗಿದ್ದೆ. ಗಂಗರಾಜು ಅಂಥ ದುಷ್ಟನೇನಲ್ಲ. ಮಗ್ಗದ ಕೋಣೆ, ಅಡುಗೆಮನೆ ಎರಡನ್ನೂ ಇವಳು ಇರುವ ತನಕ ಇವಳಿಗೇ ಬಿಡುತ್ತೇನೆ, ಬರೆದು ಕೊಡುತ್ತೇನೆ ಎಂದ. ಅವಳ ವಕೀಲರು ಸಣ್ಣ ದನಿಯಲ್ಲಿ, "ಒಪ್ಕಳಮ್ಮಾ, ನಿನ್ ಕಡೆ ಒಂದು ಚೀಟಿನೂ ಇಲ್ಲ" ಎಂದರು.

ಮೂಗಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು. "ನಂದೇನು ಭಿಕ್ಷೆ ಅಲ್ಲ ಸ್ವಾಮಿ. ಅರ್ಧ ಮನಿ ನಂದೇ ಐತೆ. ರತ್ನಮ್ಮನ ಕೈಯಾಗೂ ಚೀಟಿ ಇರ್ಲಿಲ್ಲ. ಜಡ್ಜು ಕೇಳಿ ಕೇಳಿ ಸತ್ಯ ಹೊರಗ್ ತೆಗಿಲಿಲ್ವಾ? ಕೇಳ್ರಿ ಬೇಕಾದ್ರೆ, ನಮ್ ನಿರ್ಮಲಾ ಇಲ್ಲೇ ಅವ್ಳೆ."

"ಯಾವ ರತ್ನಮ್ಮ? ಯಾವ ಕೇಸು?" ಎಂದು ವಕೀಲರು ನನ್ನ ಕಡೆ ತಿರುಗಿದರು.

ಅದೊಂದು ಗಳಿಗೆ ಸಾಕಿತ್ತು. ಅದು ಕಾದಂಬರಿ, ಅದರಲ್ಲೂ ರತ್ನಮ್ಮ ಸೋತಳು, ನಾನು ಸುಳ್ಳು ಓದಿದ್ದೆ ಎನ್ನಬೇಕಿತ್ತು. ಸುತ್ತ ಕರಿ ಕೋಟಿನವರು, ಪರಿಚಯದವರು, ಅಂಗನವಾಡಿಗೆ ಬರುವ ಮಕ್ಕಳ ತಂದೆ ಒಬ್ಬ. ನನ್ನ ಮಾನ ನನಗೆ ದೊಡ್ಡದಾಯಿತು. "ಯಾವುದೋ ಹಳೇದು ಸಾರ್" ಎಂದು ತಲೆ ತಗ್ಗಿಸಿದೆ. ಮೂಗಮ್ಮ ರಾಜಿಗೆ ಹೆಬ್ಬೆಟ್ಟು ಒತ್ತಲಿಲ್ಲ.

ಹತ್ತು ತಿಂಗಳಿಗೆ ತೀರ್ಪು ಬಂತು. ಮನೆ ಪೂರ್ತಿ ಗಂಗರಾಜುವಿನದು. ಖಾಲಿ ಮಾಡಲು ಎರಡು ತಿಂಗಳು. ಅವಳದು ಗುಂಡಿ ಮಗ್ಗ, ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥದ್ದು. ಬಾಡಿಗೆ ಮನೆಯ ನೆಲ ಅಗೆಯಲು ಯಾರೂ ಒಪ್ಪಲಿಲ್ಲ. ಮೂಗಮ್ಮ ಮಾತ್ರ, "ನಮ್ಮ ಜಡ್ಜು ಆ ಪುಸ್ತಕದ ಜಡ್ಜಿನಂಗೆ ಇರ್ಲಿಲ್ಲ ಬಿಡು" ಅಂದಳು. ಅದನ್ನು ಕೇಳಿ ನನಗೆ ಊಟ ಸೇರದಾಯಿತು.

ಅದೇ ವಾರ ಚಳ್ಳಕೆರೆಯ ಗ್ರಂಥಾಲಯದಿಂದ ಫೋನು. ಬಾಲರಾಜರಿಗೆ ಎಪ್ಪತ್ತೈದು ತುಂಬುತ್ತದೆ, ಅಭಿನಂದನೆಯ ಪುಸ್ತಕ ತರುತ್ತಿದ್ದೇವೆ, ಅಭಿಮಾನಿ ಓದುಗರಾಗಿ ನೀವು ಒಂದು ಪುಟ ಬರೆದುಕೊಡಿ ಎಂದರು. ಮೂರು ದಿನ ಕೂತು ಬರೆದೆ. ಅವರ ಮುಂದಾದರೂ ಸುಳ್ಳು ಬರೆಯಲು ಕೈ ಬರಲಿಲ್ಲ. ಮಧ್ಯಾಹ್ನ ಆ ಹಾಳೆ ಹಿಡಿದು ಮೂಗಮ್ಮನ ಮಗ್ಗದ ಹತ್ತಿರ ಹೋದೆ. ಅವಳು ಕೊನೆಯ ಸೀರೆ ನೇಯುತ್ತಿದ್ದಳು. ಗಟ್ಟಿಯಾಗಿ ಓದತೊಡಗಿದೆ.

"ನನ್ನ ನೆರೆಯ ಮೂಗಮ್ಮನವರೂ ಇವರ ಹದಿನಾಲ್ಕು ಕಾದಂಬರಿಗಳನ್ನು ಕೇಳಿದ್ದಾರೆ. ಬಾಲರಾಜರು ಸುಳ್ಳು ಸಮಾಧಾನ ಹೇಳುವವರಲ್ಲ. ಕಾಗದವಿಲ್ಲದ ಸತ್ಯ ಕೋರ್ಟಿನಲ್ಲಿ ಸೋಲುತ್ತದೆ ಎಂದು ಹದಿನಾಲ್ಕು ಸಲ ನಮ್ಮನ್ನು ಎಚ್ಚರಿಸಿದ್ದಾರೆ."

ಮಗ್ಗ ನಿಂತಿತು.

"ಯಾರು ಸೋತ್ರು?" ಎಂದಳು ಮೂಗಮ್ಮ.

"ಎಲ್ಲಾರೂ ಸೋತ್ರು ಮೂಗಕ್ಕಾ. ನಾನು ಕೊನೆ ತಿರುಚಿ ಓದ್ತಿದ್ದೆ."

ಅವಳು ಲಾಳಿ ಕೆಳಗಿಟ್ಟಳು. "ಮೇಷ್ಟ್ರು?"

"ಜೀವಾವಧಿ ಆಯ್ತು."

"ಲಾರಿ ಡ್ರೈವರು? ಅವ್ನಿಗೆ ಸಣ್ಣ ಮಗಾ ಇತ್ತಲ್ಲ."

"ಅವ್ನೂ ಒಳಗೆ ಹೋದ."

"ರತ್ನಮ್ಮ?"

"ಮನೆ ಹೋಯ್ತು. ಟ್ರಂಕು ಇಟ್ಕಂಡು ಬಸ್‌ಸ್ಟ್ಯಾಂಡಾಗೆ ಕೂತಿರ್ತಾಳೆ. ಕತೆ ಅಲ್ಲಿಗೆ ಮುಗಿಯುತ್ತೆ."

ಮೂಗಮ್ಮ ಅತ್ತಳು. ನನ್ನ ಮುಂದೆ ಮನೆಗಾಗಿ ಒಂದು ಸಲವೂ ಅಳದವಳು ಆ ಮೂವರಿಗಾಗಿ ಅತ್ತಳು. ಕಾಲು ಹಿಡಿಯಲು ಹೋದೆ. ಅವಳ ಕಾಲುಗಳು ಗುಂಡಿಯೊಳಗಿದ್ದವು, ಕೈಗೆ ಎಟುಕಲಿಲ್ಲ.

"ರಾಜಿಗೆ ಕರ್ದ ದಿನ ನಿಂಗಿದು ಗೊತ್ತಿತ್ತಾ?" ಎಂದು ಕೇಳಿದಳು.

"ಗೊತ್ತಿತ್ತು."

ಅವಳು ತಲೆಯಾಡಿಸಿದಳು. ಮೂಗು ಒರೆಸಿಕೊಂಡು ನನ್ನ ಕೈಯ ಹಾಳೆಯ ಕಡೆ ಬೆರಳು ತೋರಿದಳು.

"ಮೂಗಮ್ಮ ಹದಿನಾಲ್ಕೂ ಕೇಳವ್ಳೆ ಅಂತ ಬರ್ದಿದೀಯಲ್ಲ, ಅದ್ನ ಹೊಡ್ದಾಕು. ಆ ಪುಣ್ಯಾತ್ಮಂದು ನಾನು ಒಂದೂ ಕೇಳಿಲ್ಲ."

ಅವಳ ಎದುರಿಗೇ ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದೆ. ಸರಿಯಾಗಿ ಹೊಡೆದೆನೋ ಇಲ್ಲವೋ ಎಂದು ಅವಳು ಬಗ್ಗಿ ನೋಡಿದಳು.